ಭಾವನ ತಲೆಯಲ್ಲಿದ್ದದ್ದು

ನಮ್ಮ ಭಾವ ನಿಕಾನೋರ್ ಬರಾಂಕಿಯಾ ಊರಿನ ಕಾರ್ನಿವಲ್ ಹಬ್ಬದ ವಾದ್ಯತಂಡದಲ್ಲಿ ದೊಡ್ಡ ತುತ್ತೂರಿ ಊದುತ್ತಿದ್ದ. ಹಿಂದೊಮ್ಮೆ ಅವನ ಬುರುಡೆ ತೆರೆದು ಮೆದುಳಿನ ಗಡ್ಡೆಯೊಂದನ್ನು ತೆಗೆದಿದ್ದರು. ಈ ವರ್ಷ ತಾಲೀಮು ಶುರುವಾಗುವ ಹೊತ್ತಿಗೆ ತಲೆನೋವು ಮರಳಿತು. ಸ್ಕ್ಯಾನ್ ಮಾಡಿಸಿದರೆ ಅದೇ ಜಾಗದಲ್ಲಿ ಬಿಳಿ ಉಂಗುರದಂಥದ್ದೇನೋ ಕಂಡಿತು.

"ಮತ್ತೆ ಬೆಳೆದಿರೋ ಹಾಗಿದೆ. ತೆಗೀಲೇಬೇಕು," ಎಂದರು ಡಾಕ್ಟರ್ ಸೌಮೆತ್.

ಇನ್ನು ಉಳಿಯುವುದಿಲ್ಲ ಎಂದುಕೊಂಡ ಭಾವ ಅಳಲಿಲ್ಲ. ನಾಲಿಗೆಯ ಲಗಾಮು ಬಿಚ್ಚಿಬಿಟ್ಟ. ಪ್ರಾರ್ಥನೆ ಮಾಡಲು ಬಂದ ಪಾದ್ರಿಗೆ, "ಫಾದರ್, ಆಪರೇಷನ್ ದಿನ ನೀವೇ ಪ್ರವಚನ ಮಾಡಿ. ಅರಿವಳಿಕೆ ಬೇಕಾಗಲ್ಲ," ಎಂದ. ನಮ್ಮಮ್ಮ ತ್ರಾನ್ಸಿತೊ ಅವನ ತಲೆ ಸವರುತ್ತ ಕೂತಿದ್ದಳು. ಅವಳಿಗೆ, "ಅತ್ತೆ, ಸಾಯೋ ಮುಂಚೆ ಸತ್ಯ ಹೇಳ್ಬಿಡ್ತೀನಿ. ನೀವು ಮಾಡೋ ತೆಂಗಿನಹಾಲಿನ ಅನ್ನ ಇಷ್ಟು ವರ್ಷ ತಿಂದಿದ್ದು ನಾಯಿ. ಆಮೇಲಾಮೇಲೆ ಅದೂ ಮೂಸ್ತಿರ್ಲಿಲ್ಲ," ಎಂದ.

ಅಮ್ಮ ಕಣ್ಣೊರೆಸಿಕೊಂಡು, "ಹೋಗೋ ಜೀವ, ಬೈಕೊಳ್ಲಿ ಬಿಡಿ," ಎಂದಳು.

ಆಪರೇಷನ್ನಿನ ಬೆಳಿಗ್ಗೆ ಮಾತ್ರ ಅವನು ಅಕ್ಕ ಉಬಾಲ್ದೀನಾಳ ಕೈ ಬಿಡಲೇ ಇಲ್ಲ. "ಭಯ ಆಗ್ತಿದೆ ಕಣೇ," ಎಂದದ್ದು ನನಗೂ ಕೇಳಿಸಿತು. ನಾನು ಕಿಟಕಿಯ ಕಡೆ ತಿರುಗಿದೆ.

ಮಧ್ಯಾಹ್ನ ಡಾಕ್ಟರು ಹೊರಬಂದರು. ಮುಖದಲ್ಲಿ ಅರ್ಧ ನಗು, ಅರ್ಧ ನಾಚಿಕೆ.

"ಗಡ್ಡೆ ಅಲ್ಲಮ್ಮ. ಹೋದ್ಸಲ ರಕ್ತ ನಿಲ್ಸೋಕೆ ಹತ್ತಿಯಂಥದ್ದು ಇಟ್ಟಿದ್ವಿ. ಅದರ ಚೂರು ಒಳಗೇ ಉಳ್ಕೊಂಡಿದೆ. ಯಾರೋ ಕಳ್ಳ ನುಗ್ಗಿದ್ದಾನೆ ಅಂತ ಮೈ ಅದರ ಸುತ್ತ ಗೋಡೆ ಕಟ್ಟಿದೆ. ಸ್ಕ್ಯಾನಲ್ಲಿ ಗಡ್ಡೆ ಥರಾನೇ ಕಾಣ್ಸುತ್ತೆ. ಲ್ಯಾಬಿನವರೂ ನೋಡಿದ್ರು, ಅದರಲ್ಲಿ ಗಡ್ಡೆಯ ಸುಳಿವೇ ಇಲ್ಲ."

ಅಕ್ಕ ನೆಲದ ಮೇಲೇ ಕುಸಿದು ನಕ್ಕಳು, ನಗುತ್ತಲೇ ಅತ್ತಳು. ಅಮ್ಮ ಎದ್ದು ನಿಂತಳು.

"ಇವನ ತಲೇಲಿ ಹತ್ತಿ ತುಂಬಿದೆ ಅಂತ ಮದುವೆ ದಿನಾನೇ ಹೇಳಿದ್ದೆ. ಯಾರಾದ್ರೂ ಕೇಳಿದ್ರಾ? ಅದಕ್ಕೆ ಬುರುಡೆ ಬೇರೆ ಕೊಯ್ಬೇಕಿತ್ತಾ!"

ಭಾವನಿಗೆ ಎಚ್ಚರವಾದಾಗ ವಿಷಯ ತಿಳಿಸಿದವನು ನಾನೇ. ಬ್ಯಾಂಡೇಜಿನೊಳಗಿಂದ ನನ್ನನ್ನೇ ನೋಡಿದ. ಕಣ್ಣಂಚಿನಿಂದ ನೀರು ಇಳಿಯಿತು.

"ಹಾಗಾದ್ರೆ ನಾನು ಸಾಯಲ್ವೇನೋ?"

"ಇಲ್ಲ ಭಾವ. ಸದ್ಯಕ್ಕಂತೂ ಇಲ್ಲ."

"ಅತ್ತೆ?"

"ಬಾಗಿಲಲ್ಲೇ ಇದಾಳೆ. ಒಳಗೆ ಬರ್ತಾಳಂತೆ."

ಭಾವ ಥಟ್ಟನೆ ಕಣ್ಣು ಮುಚ್ಚಿದ.

"ಇನ್ನೂ ಪ್ರಜ್ಞೆ ಬಂದಿಲ್ಲ ಅನ್ನು ಮಾರಾಯ."