ಗೋಡೆಯಾಚೆಯ ನಗು

ವೆಲ್ಲಿಂಗಿರಿ ಆ ಆಟದ ಪೆಟ್ಟಿಗೆಯನ್ನು ಅಕ್ಕನ ಮನೆಗೆ ತಂದದ್ದು ಒಂದು ಭಾನುವಾರ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಅವನು ವಾರವಿಡೀ ಬಟ್ಟೆ ಕತ್ತರಿಸಿ, ಭಾನುವಾರ ಬಂತೆಂದರೆ ಸೂಲೂರಿನ ಬಸ್ಸು ಹತ್ತುತ್ತಿದ್ದ. ಬರಿಗೈಯಲ್ಲಿ ಬಂದವನೇ ಅಲ್ಲ. ಆ ಸಲ ತಂದದ್ದು ಸಿಂಗಪುರದಿಂದ ಮರಳಿದ ಯಾರದೋ ಕೈಯಿಂದ ಕೊಂಡ ವಿಡಿಯೋ ಗೇಮ್. ಸರ್ಕಾರ ಕೊಟ್ಟ ಬಣ್ಣದ ಟಿವಿಗೆ ಅದರ ವಯರು ಸಿಕ್ಕಿಸಿ, ಅಕ್ಕನ ಮಗಳನ್ನು ಕೂಗಿದ.

"ಬಾ ಪುಳ್ಳೆ, ಕಾರ್ ಓಡ್ಸೋಣ."

ಪುಳ್ಳೆ, ಅಂದರೆ ಆ ಮನೆಯ ಹುಡುಗಿ ಸುಗನ್ಯಾ, ಆಗಷ್ಟೇ ಪ್ಲಸ್ ಟೂ ಮುಗಿಸಿದ್ದಳು. ಹದಿನೆಂಟು ತುಂಬಿತ್ತು. ಕೊಯಮತ್ತೂರಿನ ಕಾಲೇಜಿನಲ್ಲಿ ಗಣಿತ ಓದಬೇಕೆಂದು ಮನಸ್ಸು ಮಾಡಿದ್ದಳು, ಸೀಟೂ ಸಿಕ್ಕಿತ್ತು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅಂಥವಳು ಟಿವಿಯ ಮುಂದೆ ಕೂತು ಒಂದು ಗುಂಡಿ ಒತ್ತಿದಳೋ ಇಲ್ಲವೋ, ಬೇರೆಯೇ ಹುಡುಗಿಯಾಗಿಬಿಟ್ಟಳು.

ಆಟ ಇದ್ದದ್ದೇ ಹಾಗೆ. ಕರಡಿ, ಮೊಲ, ಬಾತುಕೋಳಿ, ಹಂದಿಮರಿಗಳೆಲ್ಲ ಪುಟ್ಟ ಪುಟ್ಟ ಕಾರುಗಳಲ್ಲಿ ಕೂತು ಓಡುವುದು. ಮಿಠಾಯಿ ಗುಡ್ಡ ಹತ್ತಬೇಕು, ಬಿಸ್ಕತ್ತಿನ ಸೇತುವೆ ದಾಟಬೇಕು. ಕಾರು ಕೆರೆಗೆ ಬಿದ್ದರೆ ಕೊಕ್ಕರೆಯೊಂದು ಹಾರಿಬಂದು ಕೊಕ್ಕಿನಲ್ಲಿ ಎತ್ತಿ ಮತ್ತೆ ದಾರಿಗೆ ಬಿಡುತ್ತದೆ. ರಕ್ತವಿಲ್ಲ, ಸಾವಿಲ್ಲ. ಅಷ್ಟೇ ಅಲ್ಲ, ಹಿಂದೆ ಬಿದ್ದವರ ಮೇಲೆ ಆ ಆಟಕ್ಕೆ ಅದೆಂಥದೋ ಕರುಣೆ. ದಾರಿಯಲ್ಲಿ ಸಿಗುವ ಉಡುಗೊರೆಗಳಲ್ಲಿ ಮುಂದಿರುವವನ ಪಾಲಿಗೆ ಬರೀ ಸೋಪಿನ ಗುಳ್ಳೆ, ಕಟ್ಟಕಡೆಯವನಿಗೆ ರಾಕೆಟ್ಟು. ಹೀಗಾಗಿ ಸೋತೆ ಎಂದುಕೊಂಡವನು ಗೆಲ್ಲುತ್ತಿದ್ದ, ಗೆದ್ದೆ ಎಂದವನು ಕೆರೆಯಲ್ಲಿರುತ್ತಿದ್ದ. ಹಲ್ಲಿಲ್ಲದ ನಾಚಿಯಮ್ಮ, ಅಂದರೆ ವೆಲ್ಲಿಂಗಿರಿಯ ತಾಯಿ, ಮಗನ ಜೊತೆ ಬಂದಿದ್ದಾಗ ಒಂದು ದಿನ ಹಂದಿಮರಿಯನ್ನು ಓಡಿಸಿ ಎರಡನೆಯವಳಾಗಿ ಬಂದು ಬೀದಿಗೆಲ್ಲ ಸಾರಿದ್ದಳು. ನಮ್ಮ ಬದುಕಿನಲ್ಲಿ ಹಿಂದೆ ಬಿದ್ದವರಿಗೆ ಯಾರು ರಾಕೆಟ್ಟು ಕೊಡುತ್ತಾರೆ ಹೇಳಿ? ಅದಕ್ಕೇ ಜನ ಆ ಆಟಕ್ಕೆ ಮರುಳಾಗುತ್ತಿದ್ದದ್ದು.

ವೆಲ್ಲಿಂಗಿರಿಯ ಅಕ್ಕ ರುಕ್ಮಣಿ ಮಾತ್ರ ಇದನ್ನೆಲ್ಲ ನೋಡಿದವಳಲ್ಲ, ಬರೀ ಕೇಳಿದವಳು. ಗೋಡೆಯ ಈಚೆಗೆ ಮಗ್ಗದ ಕೋಣೆ. ಗಂಡ ಲಿಂಗಪ್ಪನ್ ನೇಯುತ್ತಿದ್ದ ಸೀರೆಗೆ ಒಡಲಿನದೇ ಬೇರೆ ಬಣ್ಣ, ಅಂಚಿನದೇ ಬೇರೆ. ಒಬ್ಬನೇ ಎರಡನ್ನೂ ನೇಯಲಾರ. ಅಂಚಿನ ಲಾಳಿ ಎಸೆಯಲು ಪಕ್ಕದಲ್ಲೊಬ್ಬರು ಕೂತಿರಲೇಬೇಕು. ಮದುವೆಯಾಗಿ ಬಂದ ಮಾರನೆಯ ವಾರದಿಂದ ರುಕ್ಮಣಿ ಹಾಗೆ ಕೂತವಳು. ಅವಳೆದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಒಲೆ ನಿಲ್ಲುತ್ತದೆ. ಹಾಗಾಗಿ ಭಾನುವಾರಗಳಲ್ಲಿ ತಮ್ಮ ಬಂದದ್ದು ಅವಳಿಗೆ ಗೊತ್ತಾಗುತ್ತಿದ್ದದ್ದು ಕಿವಿಯಿಂದ. ಕಾರುಗಳ ಗುಂಯ್‌ಗುಟ್ಟುವ ಸದ್ದು, ಆಮೇಲೆ ಮಗಳ ನಗು. ಬಿದ್ದು ಬಿದ್ದು ನಗುವ, ಉಸಿರು ಸಿಕ್ಕಿಕೊಳ್ಳುವ ನಗು. ಅದನ್ನು ಕೇಳಿದಾಗಲೆಲ್ಲ ರುಕ್ಮಣಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಯಾಕೆಂದರೆ ಮನೆಯಲ್ಲಿ ಒಂದು ಮಾತು ಓಡಾಡುತ್ತಿತ್ತು. ಅಕ್ಕನ ಮಗಳು ಸೋದರಮಾವನಿಗೆ ಎಂಬುದು ಆ ಕುಲದಲ್ಲಿ ಹೊಸದೇನಲ್ಲ. ಸುಗನ್ಯಾ ತೊಟ್ಟಿಲಲ್ಲಿದ್ದಾಗಲೇ ನೆಂಟರು ಅವಳನ್ನು "ವೆಲ್ಲಿಂಗಿರಿ ಹೆಂಡ್ತಿ" ಎಂದು ಕಿಚಾಯಿಸಿದ್ದುಂಟು. ಹುಡುಗಿ ಅದನ್ನು ಕಿಚಾಯಿಸುವುದೆಂದೇ ತಿಳಿದು ಬೆಳೆದಿದ್ದಳು. ವೆಲ್ಲಿಂಗಿರಿಗೆ ಈಗ ಮೂವತ್ತು ದಾಟಿತ್ತು. ನಾಚಿಯಮ್ಮ ಎದ್ದರೂ ಕೂತರೂ ಅದೇ ರಾಗ ಹಾಡುತ್ತಿದ್ದಳು.

ಲಿಂಗಪ್ಪನ್ ಮಾತ್ರ ಒಂದು ಕಡ್ಡಿ ಅಡ್ಡವಿಟ್ಟಿದ್ದ. ಒಂದು ದಿನ ಲಾಳಿ ಎಸೆಯುತ್ತಲೇ ಹೆಂಡತಿಗೆ ಹೇಳಿದ.

"ಇಲ್ನೋಡು. ಪುಳ್ಳೆ ಮನಸ್ಸಿಲ್ದೆ ನಾನು ಮಾಡೋದಿಲ್ಲ. ಓದ್ತೀನಿ ಅಂದ್ರೆ ಓದ್ಲಿ. ನಿನ್ ತಮ್ಮ ನಲ್ಲವನೇ, ಒಳ್ಳೇ ಹುಡುಗನೇ, ಇಲ್ಲ ಅನ್ನಲ್ಲ. ಆದ್ರೆ ಅವಳಿಗೆ ಇಷ್ಟ ಇರ್ಬೇಕು."

"ಗಂಡಸ್ರು ಕೇಳಿದ್ರೆ ಹೇಳ್ತಾಳಾ?"

"ಅದಕ್ಕೇ ನೀನ್ ನೋಡಿ ಹೇಳು. ನೀನ್ ಹೂಂ ಅಂದ್ರೆ ಹೂಂ. ನೀನ್ ಬೇಡ ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ನಿಮ್ಮವ್ವ ಎಷ್ಟ್ ಬೈದ್ರೂ ಸರಿ."

ಆ ಬೀದಿಯಲ್ಲಿ ಎಷ್ಟು ಅಪ್ಪಂದಿರು ಹಾಗೆ ಹೇಳಿಯಾರು? ರುಕ್ಮಣಿಯನ್ನಂತೂ ಅವಳ ಮದುವೆಯಲ್ಲಿ ಯಾರೂ ಒಂದು ಮಾತು ಕೇಳಿರಲಿಲ್ಲ. ಗಂಡ ಕೊಟ್ಟ ಆ ಅಧಿಕಾರವನ್ನು ಅವಳು ಹೇಗೆ ನಡೆಸಿದಳು ಎಂದರೆ, ಮಗಳನ್ನು ಕೂರಿಸಿಕೊಂಡು ಕೇಳಲಿಲ್ಲ. ಕೇಳುವುದೇನಿದೆ? ಗೋಡೆಯಾಚೆ ಆ ಹೊತ್ತಿಗೆ ಮಗಳು ನಗುತ್ತಿದ್ದಳು. "ಮಾಮಾ, ಬಿದ್ದೆ ನೋಡು" ಎಂದು ಕಿರುಚುತ್ತಿದ್ದಳು. ರುಕ್ಮಣಿ ಗಂಡನ ಮುಖ ನೋಡಿ, "ಕಿವಿ ಇಲ್ವಾ ನಿಮಗೆ? ಬೇರೆ ಯಾರ ಹತ್ರ ಹೀಗ್ ನಗ್ತಾಳೆ ಅವಳು? ಮನಸ್ಸಿದೆ" ಎಂದಳು. ಲಿಂಗಪ್ಪನ್ ತಲೆಯಾಡಿಸಿದ. ಸೀರೆ ಮುಂದುವರಿಯಿತು.

ನಿಶ್ಚಯದ ಸುದ್ದಿ ಸುಗನ್ಯಾಳಿಗೆ ಗೊತ್ತಾದದ್ದು ನಾಚಿಯಮ್ಮನ ಬಾಯಿಂದ, ಎಲ್ಲ ಗೊತ್ತುಮಾಡಿ ಆದಮೇಲೆ. ಹುಡುಗಿ ಊಟದ ತಟ್ಟೆ ತೊಳೆದಿಟ್ಟು ಹಿತ್ತಿಲಿಗೆ ಹೋಗಿ ಕೂತಳು. "ನಾಚಿಕೆ" ಎಂದಳು ಅಜ್ಜಿ. ನಮ್ಮ ಜನರ ಈ ಲೆಕ್ಕ ಕೇಳಿದರೆ ಮೈ ಉರಿಯುತ್ತದೆ. ಹೆಣ್ಣು ನಕ್ಕರೆ ಒಪ್ಪಿಗೆ, ಸುಮ್ಮನಿದ್ದರೆ ನಾಚಿಕೆ, ಅತ್ತರೆ ತವರು ಬಿಡುವ ಸಂಕಟ. ಬೇಡ ಎನ್ನಲು ಅವಳಿಗೆ ಯಾವ ಮುಖವನ್ನೂ ಉಳಿಸಿಲ್ಲ.

ನಿಶ್ಚಯದ ದಿನ ಮಗ್ಗಕ್ಕೆ ರಜೆ. ರಾಹುಕಾಲ ಕಳೆಯಲೆಂದು ಬಂದವರೆಲ್ಲ ಕಾಯುತ್ತಿದ್ದರು. ಕುಲದ ಹಿರಿಯರಾದ ರಾಜಾಮಣಿ ಚೆಟ್ಟಿಯಾರ್ ಹೊರಜಗಲಿಯ ಕುರ್ಚಿಯಲ್ಲಿ ಕೂತು ಎಲೆ ಮೆಲ್ಲುತ್ತಿದ್ದರು. ಅಡುಗೆ ಮುಗಿದಿತ್ತು. ರುಕ್ಮಣಿಗೆ ಕೈಗೆ ಕೆಲಸವಿಲ್ಲದೆ ಎಷ್ಟು ಕಾಲವಾಗಿತ್ತೋ, ಎಲ್ಲಿ ನಿಲ್ಲಬೇಕೆಂದೇ ತಿಳಿಯದೆ ಟಿವಿಯ ಕೋಣೆಗೆ ಬಂದಳು. ವೆಲ್ಲಿಂಗಿರಿ ಹೊಸ ಅಂಗಿ ತೊಟ್ಟು ಅಲ್ಲಿ ಒಬ್ಬನೇ ಕೂತಿದ್ದ.

"ಅಕ್ಕಾ, ಬಾ. ಒಂದೇ ಒಂದ್ ಆಟ. ನೀನ್ ಆಡೇ ಇಲ್ವಲ್ಲ."

"ನನಗೆಂಥದಕ್ಕಪ್ಪ ಅದೆಲ್ಲ?"

"ಎರಡೇ ಬಟನ್. ಇದು ಹೋಗಕ್ಕೆ, ಇದು ಎಸೆಯಕ್ಕೆ. ಲಾಳಿ ಎಸೆದ ಕೈ ನಿಂದು, ಬಾ."

ಸೀರೆ ಎತ್ತಿಕೊಂಡು ಚಾಪೆಯ ಮೇಲೆ ಕೂತಳು. ಬಾತುಕೋಳಿ ಅವಳದ್ದಾಯಿತು. ಶುರುವಿನಲ್ಲೇ ಕೆರೆಗೆ ಬಿದ್ದಳು. ಕೊಕ್ಕರೆ ಎತ್ತಿತು. ಮತ್ತೆ ಬಿದ್ದಳು, ಮತ್ತೆ ಎತ್ತಿತು. ಕೊನೆಯವಳಾದ್ದರಿಂದ ರಾಕೆಟ್ಟು ಸಿಕ್ಕಿತು. ಏನೋ ಒತ್ತಿದಳು. ಬಾತುಕೋಳಿ ಬೆಂಕಿ ಕಾರುತ್ತ ಮೊಲವನ್ನು ದಾಟಿ, ಕರಡಿಯ ಬೆನ್ನಿಗೆ ಗುದ್ದಿ ಅದನ್ನು ಸೇತುವೆಯಿಂದ ಕೆಳಕ್ಕುರುಳಿಸಿತು. ರುಕ್ಮಣಿ ನಕ್ಕಳು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು, ಪಕ್ಕೆ ಹಿಡಿದುಕೊಂಡಿತು, ಉಸಿರು ಸಿಕ್ಕಿಕೊಂಡಿತು.

ಆ ಸಿಕ್ಕಿಕೊಂಡ ಉಸಿರಿನ ಸದ್ದು ಅವಳ ಕಿವಿಗೇ ಬಿತ್ತು. ಇದೇ ನಗು. ಇಷ್ಟು ಭಾನುವಾರ ಗೋಡೆಯಾಚೆಯಿಂದ ಕೇಳಿದ್ದ ನಗು ಈಗ ತನ್ನ ಬಾಯಿಂದಲೇ ಬರುತ್ತಿದೆ. ಪಕ್ಕದಲ್ಲಿ ಕೂತಿರುವವನು ತಾನು ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಈ ನಗುವಿಗೂ ಅವನಿಗೂ ಸಂಬಂಧವೇ ಇಲ್ಲ. ಇಲ್ಲಿ ಯಾರು ಕೂತಿದ್ದರೂ ತಾನು ಹೀಗೇ ನಗುತ್ತಿದ್ದೆ ಎಂದು ಅವಳಿಗೆ ಹೊಳೆಯಿತು. ಪರದೆಯ ಮೇಲೆ ಕಾರುಗಳು ಓಡುತ್ತಿದ್ದಂತೆಯೇ ಎದ್ದು ಒಳಕ್ಕೆ ನಡೆದಳು.

ಸುಗನ್ಯಾ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ತಲೆ ತುಂಬ ಮಲ್ಲಿಗೆ. ರುಕ್ಮಣಿ ಬಾಗಿಲು ಮುಂದಕ್ಕೆಳೆದಳು.

"ಪುಳ್ಳೆ, ಉಣ್ಮೆ ಹೇಳು, ನಿಜ ಹೇಳು. ನಿನಗೆ ಮಾಮನ್ ಮೇಲೆ ಮನಸ್ಸಿದೆಯಾ?"

ಹುಡುಗಿ ತಲೆ ಎತ್ತಿದಳು. "ಈಗ ಕೇಳ್ತೀಯಾ ಅಮ್ಮ?"

"ನೀನ್ ನಗ್ತಿದ್ದೆ. ಪ್ರತಿ ವಾರ ನಗ್ತಿದ್ದೆ. ನಾನು ಅದನ್ನೇ ನಂಬಿ..."

"ಆಟಕ್ಕೆ ನಕ್ಕೆ ಅಮ್ಮ. ನೀನೂ ಈಗ ನಕ್ಕೆಯಲ್ಲ, ಕೇಳಿಸ್ತು." ಎಂದಳು ಸುಗನ್ಯಾ. "ಮಾಮ ನನ್ನ ಹೆಗಲ ಮೇಲೆ ಹೊತ್ಕೊಂಡು ಸ್ಕೂಲಿಗೆ ಬಿಟ್ಟೋರು. ಅವರನ್ನ ಹೆಂಗಮ್ಮ? ನನಗೆ ಆಗಲ್ಲ. ನಾನು ಓದ್ಬೇಕು."

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ಎಲ್ಲಾರೂ ನಿಶ್ಚಯ ಮಾಡ್ಬಿಟ್ಟು ಹೇಳಿದ್ರಿ. ಯಾರ್ ಹತ್ರ ಹೇಳ್ಲಿ?" ಅವಳು ತಾಯಿಯ ಕೈ ಹಿಡಿದುಕೊಂಡಳು. "ಅಪ್ಪನಿಗೆ ನೀನ್ ಹೇಳಮ್ಮ. ನೀನ್ ಹೇಳಿದ್ರೆ ಅಪ್ಪ ಕೇಳ್ತಾರೆ."

"ಹೇಳ್ತೀನಿ," ಎಂದಳು ರುಕ್ಮಣಿ. ಆ ಗಳಿಗೆಯಲ್ಲಿ ಅವಳು ಸುಳ್ಳಾಡಲಿಲ್ಲ. ಹೇಳಿಯೇ ತೀರುತ್ತೇನೆಂದು ಸೆರಗು ಬಿಗಿದುಕೊಂಡೇ ಹೊರಗೆ ಬಂದಳು.

ಅಷ್ಟರಲ್ಲಿ ರಾಹುಕಾಲ ಕಳೆದಿತ್ತು. ಜಗಲಿಯವರೆಲ್ಲ ನಡುಮನೆಯ ಜಮಖಾನದ ಮೇಲೆ ಬಂದು ಕೂತಾಗಿತ್ತು. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹೂವು. ಲಿಂಗಪ್ಪನನ್ನು ಕಣ್ಸನ್ನೆ ಮಾಡಿ ಕರೆದಳು. ಅವನು ಏಳಲು ಮೊಣಕಾಲೂರಿದ. ರಾಜಾಮಣಿ ಚೆಟ್ಟಿಯಾರ್ ಅವನ ತೋಳು ಹಿಡಿದು ಕೂರಿಸಿದರು.

"ಎದ್ದು ಎಲ್ಲಿಗೆ? ನೇರ ಆಯ್ತು, ಹೊತ್ತು ಮೀರ್ತದೆ, ಕೂತ್ಕೋ. ಆಹಾ, ತಾಯಿ ಇಲ್ಲೇ ಬಂದವ್ರೆ. ಸರಿಯಾಯ್ತು."

ಆ ಹಿರಿಯರದ್ದು ಒಂದು ಪದ್ಧತಿ. ಗಂಡಸರನ್ನೆಲ್ಲ ಕೇಳಿಯಾದ ಮೇಲೆ ತಟ್ಟೆ ಎತ್ತುವ ಮುಂಚೆ ಹೆಣ್ಣಿನ ತಾಯಿಯನ್ನೂ ಕೇಳುವುದು. ಬೇರೆಯವರು ಅದನ್ನು ಮುದುಕನ ಶೋಕಿ ಎಂದು ನಗುತ್ತಿದ್ದರು. ಅವರು ಒಬ್ಬೊಬ್ಬರನ್ನೇ ಕೇಳುತ್ತ ಬಂದು ಕೊನೆಗೆ ರುಕ್ಮಣಿಯತ್ತ ತಿರುಗಿದರು.

"ಹೇಳಮ್ಮ ತಾಯಿ. ನಿನಗೆ ಸಮ್ಮದಮಾ, ಒಪ್ಪಿಗೆಯಾ?"

ಎಲ್ಲರ ಕಣ್ಣೂ ಅವಳ ಮೇಲೆ. ಲಿಂಗಪ್ಪನ್ ಅವಳನ್ನೇ ನೋಡುತ್ತಿದ್ದ. ಅವಳೇನೋ ಹೇಳಲು ಬಂದವಳೆಂದು ಅವನಿಗೆ ಅರ್ಥವಾಗಿತ್ತು. ಹೇಳು, ನಾನಿದ್ದೇನೆ ಎಂಬಂತೆ ಅವನ ಹುಬ್ಬು ಮೇಲೇರಿತ್ತು. ಒಂದು ಮಾತು ಸಾಕಿತ್ತು. ಬೇಡ ಎಂಬ ಎರಡಕ್ಷರ.

ರುಕ್ಮಣಿ ತಮ್ಮನನ್ನು ನೋಡಿದಳು. ಅವನು ತಲೆ ತಗ್ಗಿಸಿ ಹೊಸ ಅಂಗಿಯ ಗುಂಡಿ ತಿರುವುತ್ತಿದ್ದ. ತಾಯಿಯನ್ನು ನೋಡಿದಳು. ನಾಚಿಯಮ್ಮನ ಮುಖದಲ್ಲಿ ಹಬ್ಬ. ಬೇಡ ಎಂದರೆ ಇವತ್ತಿಗೆ ತವರಿನ ಬಾಗಿಲು ಮುಚ್ಚಿತು. ತಮ್ಮ ಇನ್ನು ಆ ಬಸ್ಸು ಹತ್ತುವುದಿಲ್ಲ. ಅವ್ವ ಸತ್ತರೂ ತನಗೆ ಹೇಳಿಕಳಿಸುವುದಿಲ್ಲ. ಮನಸ್ಸಿದೆ ಎಂದು ಗಂಡನಿಗೆ ಹೇಳಿದವಳೂ ತಾನೇ. ಇಷ್ಟು ಜನರ ನಡುವೆ ಮಗಳ ನಗು ಆಟದ್ದಾಗಿತ್ತು ಎಂದು ಯಾವ ಬಾಯಿಂದ ಹೇಳುವುದು? ತನ್ನನ್ನು ಯಾರೂ ಕೇಳದೆಯೇ ಕೊಟ್ಟಿದ್ದರು, ತಾನು ಬದುಕಲಿಲ್ಲವೇ? ಹೇಡಿ ಮನಸ್ಸಿಗೆ ಇಂಥ ಸಮಯದಲ್ಲಿ ನೆಪಗಳು ಬೇಗ ಬೇಗ ಹೊಳೆಯುತ್ತವೆ.

"ಸಮ್ಮದಂ," ಎಂದಳು.

ಲಿಂಗಪ್ಪನ ಹುಬ್ಬು ಕೆಳಗಿಳಿಯಿತು. ತಟ್ಟೆ ಕೈ ಬದಲಾಯಿಸಿತು. ಒಳಗಿನ ಬಾಗಿಲು ಅರ್ಧ ತೆರೆದೇ ಇತ್ತು. ಅಲ್ಲಿಗೆ ಮಾತು ಕೇಳಿಸಿರುತ್ತದೆಂದು ಗೊತ್ತಿದ್ದೂ ರುಕ್ಮಣಿ ಆ ಕಡೆ ನೋಡಲಿಲ್ಲ. ಕರೆದಾಗ ಸುಗನ್ಯಾ ಬಂದಳು, ಹಿರಿಯರ ಕಾಲಿಗೆ ಬಿದ್ದಳು, ಹೂ ಮುಡಿಸಿದರೆ ತಲೆ ಬಗ್ಗಿಸಿದಳು. ತಾಯಿಯ ಕಾಲಿಗೂ ಬಿದ್ದಳು.

ಸಂಜೆಗೆ ನೆಂಟರು ಚದುರಿದರು. ವೆಲ್ಲಿಂಗಿರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನ ಮುಖದಲ್ಲಿ ಮಗುವಿನ ಸಂತೋಷ. ಟಿವಿ ಹಾಕಿ, ಒಳಗಿನವಳಿಗೆ ಕೇಳುವ ಹಾಗೆ, "ಪುಳ್ಳೆ, ಒಂದ್ ಆಟ ಬಾ" ಎಂದ. "ಹೋಗ್ ಕಣ್ಣು, ಇನ್ನೇನ್ ನಾಚಿಕೆ" ಎಂದು ನಾಚಿಯಮ್ಮ ಮೊಮ್ಮಗಳ ಬೆನ್ನು ನೂಕಿದಳು. ರೇಷ್ಮೆ ಸೀರೆಯಲ್ಲೇ ಬಂದು ಸುಗನ್ಯಾ ಚಾಪೆಯ ಮೇಲೆ ಕೂತು ರಿಮೋಟು ಹಿಡಿದಳು. ರುಕ್ಮಣಿ ತಮ್ಮನಿಗೆ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

ಕೆಂಪು ದೀಪ, ಹಸಿರು ದೀಪ. ಕರಡಿ ಹೊರಟಿತು, ಬಾತುಕೋಳಿ ಹೊರಟಿತು, ಹಂದಿಮರಿ ಹೊರಟಿತು. ಸುಗನ್ಯಾಳ ಮೊಲ ಗೆರೆಯ ಮೇಲೆಯೇ ನಿಂತಿತ್ತು. ಉಳಿದವರೆಲ್ಲ ಒಂದು ಸುತ್ತು ಮುಗಿಸಿ ಅದರ ಪಕ್ಕದಿಂದಲೇ ಮತ್ತೆ ಹಾದುಹೋದರು.

"ಒತ್ತು ಪುಳ್ಳೆ."

ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿರಲಿಲ್ಲ. ಕಣ್ಣು ಪರದೆಯ ಮೇಲಿತ್ತು, ನೋಡುತ್ತಿರಲಿಲ್ಲ. ವೆಲ್ಲಿಂಗಿರಿ ರಿಮೋಟನ್ನು ಅವಳ ಕೈಯಿಂದ ತೆಗೆದುಕೊಂಡು ಅಲುಗಿಸಿದ, ವಯರಿನ ತುದಿ ಕಿತ್ತು ಊದಿ ಮತ್ತೆ ಸಿಕ್ಕಿಸಿದ. ತನ್ನದನ್ನು ಅವಳಿಗೆ ಕೊಟ್ಟು, ಅವಳದನ್ನು ಬದಿಗಿಟ್ಟು ಆಟ ಮೊದಲಿನಿಂದ ಶುರುಮಾಡಿದ. ಮತ್ತೆ ಉಳಿದ ಕಾರುಗಳೆಲ್ಲ ಹೊರಟವು. ಅವಳ ಕಾರು ಅಲುಗಲಿಲ್ಲ.

"ಎರಡೂ ಒಂದೇ ದಿವಸ ಕೆಡತ್ತಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಅಕ್ಕನತ್ತ ತಿರುಗಿ ಹೇಳಿದ. "ಪರವಾಯಿಲ್ಲ ಅಕ್ಕಾ, ಮುಂದಿನ ವಾರ ಹೊಸ ರಿಮೋಟ್ ತರ್ತೀನಿ."

ರುಕ್ಮಣಿ ಕಾಫಿಯ ಲೋಟ ಅವನ ಕೈಗಿತ್ತಳು. ಸುಗನ್ಯಾ ಆಗ ಮೊದಲ ಸಲ ತಲೆ ತಿರುಗಿಸಿ ತಾಯಿಯನ್ನು ನೋಡಿದಳು.

"ಸರಿಯಪ್ಪಾ, ತಾ," ಎಂದಳು ರುಕ್ಮಣಿ.