ಕೀಲಿ ಬಿದ್ದ ಕಸೂತಿ

ನಾನು ಒಂದು ಕಂಪ್ಯೂಟರ್. ಧಾರವಾಡದ ಪುಟ್ಟ ಅಂಗಡಿಯೊಂದರ ಮೇಜಿನ ಮೇಲೆ ನನ್ನನ್ನು ಜೋಡಿಸಿದರು. ನನ್ನ ಒಂದೊಂದು ಅಂಗವೂ ಒಂದೊಂದು ದೇಶದಿಂದ ಹಡಗು ಹತ್ತಿ ಬಂದಿತ್ತಂತೆ. ಎಲ್ಲವನ್ನೂ ತಿರುಪು ಹಾಕಿ ಬಿಗಿದು ಗುಂಡಿ ಒತ್ತಿದಾಗ ಎದೆಯೊಳಗಿನ ಫ್ಯಾನು ಗುಂಯ್ ಎಂದು ತಿರುಗಿತು. ಅದೇ ನನ್ನ ಮೊದಲ ಉಸಿರು. ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಯಾರದೋ ಅಂಗಿಯ ಗುಂಡಿಗಳು. ಮನುಷ್ಯರನ್ನು ನಾನು ಅಂದಿನಿಂದಲೂ ಎದೆಯ ಮಟ್ಟದಿಂದಲೇ ನೋಡುತ್ತ ಬಂದಿದ್ದೇನೆ. ಮುಖ ನೋಡಲು ಸ್ವಲ್ಪ ಕತ್ತೆತ್ತಬೇಕು.

ನನ್ನ ಮೊದಲ ಯಜಮಾನರು ಚನ್ನವೀರಪ್ಪ. ಕಾಲೇಜು ರಸ್ತೆಯಲ್ಲಿ ಅವರದೊಂದು ಸೈಬರ್ ಕೆಫೆ. ಅಲ್ಲಿ ನನ್ನಂಥವರು ಸಾಲಾಗಿ ಕೂತಿದ್ದೆವು. ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ತರಬಹುದು. ನನಗೆ ಮೊದಲ ಜ್ವರ ಬಂದದ್ದು ಒಂದು ಪೆನ್‌ಡ್ರೈವ್‌ನಿಂದ. ಅದರೊಳಗಿದ್ದ ವರ್ಮ್ ಯಾರೂ ಕರೆಯದೆ ಇಳಿದು, ತನ್ನಂಥವೇ ಹತ್ತಾರು ಮರಿ ಮಾಡಿ, ತಂತಿ ಹಿಡಿದು ಪಕ್ಕದವರ ಮನೆಗೂ ನಡೆಯಿತು. ಸಂಜೆಯ ಹೊತ್ತಿಗೆ ಸಾಲಿನವರೆಲ್ಲ ಕೆಮ್ಮುತ್ತಿದ್ದೆವು. ವೈರಸ್ಸಿನ ರೀತಿ ಬೇರೆ. ಅದಕ್ಕೆ ಸವಾರಿ ಮಾಡಲು ಒಂದು ಕಡತದ ಬೆನ್ನು ಬೇಕು. ಆ ಕಡತವನ್ನು ಯಾರಾದರೂ ತೆರೆದರೇ ಅದಕ್ಕೆ ಜೀವ. ಪುಕ್ಕಟೆ ಹಾಡಿನ ಆಸೆಗೆ ಯಾರೋ ಇಳಿಸಿಕೊಂಡ ತಂತ್ರಾಂಶದ ಜೊತೆಗೆ ಜಾಹೀರಾತಿನವರೂ ಬಂದರು. ಕರೆಯದೆ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿಬಿಡುವ ವ್ಯಾಪಾರಿಗಳ ಹಾಗೆ, ಒಬ್ಬನನ್ನು ಕಳಿಸಿದರೆ ಇನ್ನೊಬ್ಬ ಹಾಜರು.

ಒಮ್ಮೆ ಬಂದ ಸ್ಪೈವೇರ್ ಮಾತ್ರ ಸದ್ದೇ ಮಾಡಲಿಲ್ಲ. ಕೀಲಿಮಣೆಯ ಹಿಂದೆ ಮುದುಡಿ ಕೂತು, ಯಾರು ಯಾವ ಅಕ್ಷರ ಒತ್ತುತ್ತಾರೆಂದು ಕೇಳಿಸಿಕೊಂಡು, ದೂರದ ಯಾರದೋ ಕಿವಿಗೆ ಊದುತ್ತಿತ್ತು. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳ ಮೇಲ್ ಖಾತೆ ಹಾಗೆಯೇ ಕೈತಪ್ಪಿತು. ಚನ್ನವೀರಪ್ಪ ಮೊದಲು ಊದಿನಕಡ್ಡಿ ಹಚ್ಚಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ನನ್ನ ದೃಷ್ಟಿ ತೆಗೆದರು. ಆಮೇಲೆ ರಿಪೇರಿಯ ಶ್ರೀಪಾದನನ್ನು ಕರೆಸಿದರು. ಶ್ರೀಪಾದ ನನ್ನ ಹೊಟ್ಟೆ ಬಿಚ್ಚಿ ಧೂಳು ಊದುತ್ತ ಹೇಳಿದ:

“ಗದ್ದಲಾ ಮಾಡೂವು ಪಾಪದವು ರೀ. ಸುಮ್ಮನ ಕೂತಿರ್ತಾವಲ್ಲ, ಅಂಥಾವಕ್ಕ ಹುಷಾರಾಗಿರಬೇಕು.”

ಎಲ್ಲರ ಕೈಗೂ ಫೋನು ಬಂದಮೇಲೆ ಕೆಫೆ ಬರಿದಾಯಿತು. ಚನ್ನವೀರಪ್ಪ ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟರು. ಶ್ರೀಪಾದ ನನ್ನನ್ನು ತೊಳೆದು ಒರೆಸಿ, ಮಾಳಮಡ್ಡಿಯ ಕಸೂತಿ ಕೇಂದ್ರಕ್ಕೆ ಒಯ್ದು ಕೊಟ್ಟ.

ಅಲ್ಲಿ ನನಗೆ ಮನೆ ಸಿಕ್ಕಿತು. ಚಾಪೆಯ ಮೇಲೆ ಸುತ್ತ ಕೂತು ಹೆಂಗಸರು ಸೀರೆಗಳಿಗೆ ಹೊಲಿಗೆ ಹಾಕುತ್ತಿದ್ದರು. ಅವರಲ್ಲಿ ಹಿರಿಯಳು ಬಂಗಾರವ್ವ. ಸೂಜಿ ನಡೆಯುವಷ್ಟು ಹೊತ್ತೂ ಅವಳ ಬಾಯಲ್ಲಿ ಕಥೆ: ಸನ್ಯಾಸಿಯ ವೇಷ ಹಾಕಿ ಬಂದ ರಾಕ್ಷಸ, ಮಾತಾಡುವ ಹುಣಸೆಮರ, ಹಾವಿನ ಮದುವೆ. ನಾನು ಫ್ಯಾನು ಮೆಲ್ಲಗೆ ತಿರುಗಿಸುತ್ತ ಕೇಳಿಸಿಕೊಳ್ಳುತ್ತಿದ್ದೆ.

ಕೇಂದ್ರ ನಡೆಸುತ್ತಿದ್ದವಳು ನೀಲಾಂಬಿಕಾ, ಎಲ್ಲರ ಬಾಯಲ್ಲಿ ನೀಲಕ್ಕ. ಅವಳಿಗೆ ಕಸೂತಿ ಕಲಿಸಿದ ಸೋದರತ್ತೆ ಶಾಂತವ್ವ ತೀರಿಕೊಂಡಿದ್ದಳು. ಗೋಪುರ, ಪಲ್ಲಕ್ಕಿ, ಆನೆ, ತುಳಸಿಕಟ್ಟೆ, ತೊಟ್ಟಿಲು ಎಂದು ಶಾಂತವ್ವ ಆಯುಷ್ಯವಿಡೀ ಚೌಕುಳಿ ಹಾಳೆಯಲ್ಲಿ ಬರೆದಿಟ್ಟಿದ್ದ ಮಾದರಿಗಳಿಗೆ ಗೆದ್ದಲು ಹತ್ತಿತ್ತು. ಅವು ಪೂರ್ತಿ ಮಣ್ಣಾಗುವ ಮೊದಲು ನೀಲಕ್ಕ ಒಂದೊಂದನ್ನೂ ನನ್ನೊಳಗೆ ಇಳಿಸಿದಳು. ಮೌಸಿನಿಂದ ಒಂದು ಚೌಕ ತುಂಬುವುದು, ಹಾಳೆ ನೋಡುವುದು, ಮತ್ತೊಂದು ಚೌಕ. ಕೊನೆಗೆ ಹಾಳೆಗಳೆಲ್ಲ ಮಣ್ಣಾಗಿ, ಶಾಂತವ್ವನ ಮಾದರಿಗಳು ಜಗತ್ತಿನಲ್ಲಿ ಉಳಿದದ್ದು ನನ್ನಲ್ಲಿ ಮಾತ್ರ ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ. ಹೆಮ್ಮೆಯಿಂದ ಸ್ವಲ್ಪ ಬಿಸಿಯಾಗಿಯೇ ಇರುತ್ತಿದ್ದೆ.

ಶ್ರೀಪಾದ ನನಗೊಂದು ಆಂಟಿವೈರಸ್ ಹಾಕಿ, ಎಲ್ಲದರ ನಕಲು ಇಡಲು ಪುಟ್ಟ ಹಾರ್ಡ್‌ಡಿಸ್ಕ್ ಕೊಟ್ಟಿದ್ದ. ನಕಲು ತೆಗೆದಮೇಲೆ ಅದನ್ನು ಬಿಚ್ಚಿ ಕಪಾಟಿನಲ್ಲಿ ಇಡಿ ಎಂದು ಹೇಳಿಯೂ ಇದ್ದ. ಎಲ್ಲಿಯಾದರೂ ಕಳೆದೀತೆಂದು ನೀಲಕ್ಕ ಅದನ್ನು ಸದಾ ನನ್ನ ಬೆನ್ನಿಗೇ ಸಿಕ್ಕಿಸಿಟ್ಟಳು.

ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಹೊಸ ಮಾದರಿ ಹೇಳಿಕೊಡಲು ಬಂದರೆ ಬೇಡ ಎನ್ನುವಂತಿಲ್ಲ. ಚಾಪೆ ಹಾಕಿ, ಕುಂಕುಮ ಕೊಟ್ಟು, ಚಹಾ ಕುಡಿಸಿ ಕಲಿತುಕೊಳ್ಳಬೇಕು. ಅದು ಶಾಂತವ್ವ ಹಾಕಿಕೊಟ್ಟ ನಡೆ. ಹಾಗಾಗಿ ಬೆಳಗಾವಿಯ ಹಳೆ ವಾಡೆಯೊಂದರ ಸೆರಗಿನ ಮಾದರಿಗಳು ಎಂಬ ಮೇಲ್ ಒಂದು ಮಧ್ಯಾಹ್ನ ಬಂದಾಗ ನೀಲಕ್ಕ ಹಿಗ್ಗಿದಳು. ಕಳಿಸಿದವರು ಯಾರೆಂದು ನೋಡಲಿಲ್ಲ. ಆಂಟಿವೈರಸ್ ಅಡ್ಡ ನಿಂತು, ಇದನ್ನು ತೆರೆಯಲೇಬೇಕೇ ಎಂದು ಕೇಳಿತು. ಮಾದರಿ ತಂದವರನ್ನು ಬಾಗಿಲಲ್ಲಿ ನಿಲ್ಲಿಸುವುದೇ ಎಂದುಕೊಂಡು ಅವಳು ಅದರ ಬಾಯಿ ಮುಚ್ಚಿಸಿದಳು.

ತೆರೆದರೆ ನಿಜಕ್ಕೂ ಚೆಂದದ ನಾಲ್ಕಾರು ನವಿಲುಗಳು. ಹೆಂಗಸರೆಲ್ಲ ನನ್ನ ಮುಂದೆ ಬಗ್ಗಿ ನೋಡಿದರು. ನವಿಲುಗಳ ಮರೆಯಲ್ಲಿ ಟ್ರೋಜನ್ ಒಳಗೆ ಬಂದಿತ್ತು. ಬಂಗಾರವ್ವನ ಕಥೆಯ ಸನ್ಯಾಸಿ ಅದೇ. ಅದು ಹಿಂದಿನ ಬಾಗಿಲು ತೆಗೆದು ಬಿಟ್ಟುಕೊಂಡದ್ದು ರ‍್ಯಾನ್ಸಮ್‌ವೇರ್ ಎಂಬ ಬೀಗದವನನ್ನು. ಅವನು ಗಡಿಬಿಡಿ ಮಾಡಲಿಲ್ಲ. ಆನೆಯನ್ನು ಅರ್ಥವಿಲ್ಲದ ಅಂಕಿಗಳಾಗಿ ಕಲೆಸಿಟ್ಟ, ತೊಟ್ಟಿಲನ್ನು ಕಲೆಸಿಟ್ಟ, ಬೆನ್ನಿಗಿದ್ದ ನಕಲಿನ ಪೆಟ್ಟಿಗೆಗೂ ಕೈ ಹಾಕಿದ. ಚಹಾದ ಬಟ್ಟಲುಗಳು ಖಾಲಿಯಾಗುವ ಮೊದಲು ನನ್ನ ಪರದೆ ಕಪ್ಪಾಗಿ, ಅದರ ಮೇಲೆ ಅವನ ಮಾತು ಮೂಡಿತು: ದುಡ್ಡು ಕಳಿಸಿದರೆ ಬೀಗದ ಕೈ, ಇಲ್ಲವಾದರೆ ಇಲ್ಲ.

ನೀಲಕ್ಕ ನನ್ನ ಮುಂದೆ ಕೂತುಬಿಟ್ಟಳು. ಅತ್ತೆ ಎರಡನೇ ಸಲ ಸತ್ತಳು ಎಂದು ಮೆಲ್ಲಗೆ ಅಂದದ್ದು ನನಗೆ ಮಾತ್ರ ಕೇಳಿಸಿತು. ಶ್ರೀಪಾದ ಓಡಿ ಬಂದು, ಮೊದಲು ನನ್ನ ಇಂಟರ್ನೆಟ್ ತಂತಿ ಕಿತ್ತ. ಹಿಂದೆ ಮುಂದೆ ಎಲ್ಲ ನೋಡಿ, ಈ ಬೀಗ ತೆಗೆಯುವುದು ತನ್ನ ಕೈಲಾಗದು ಎಂದ. ಕೇಂದ್ರದ ಹೆಸರಲ್ಲಿ ಕೂಡಿಟ್ಟ ಹಣವನ್ನೆಲ್ಲ ಕೊಟ್ಟುಬಿಡುತ್ತೇನೆ ಎಂದು ನೀಲಕ್ಕ ಹಟ ಹಿಡಿದಳು. ಕೊಟ್ಟರೂ ಬೀಗದ ಕೈ ಬರುತ್ತದೆಂಬ ಖಾತ್ರಿಯಿಲ್ಲ, ಸೈಬರ್ ಪೊಲೀಸರಿಗೆ ದೂರು ಕೊಡೋಣ ಎಂದು ಅವನು ತಿಳಿಹೇಳಿದ. ಬಂಗಾರವ್ವ ಸೂಜಿಯನ್ನು ಸೀರೆಗೆ ಚುಚ್ಚಿಟ್ಟು ಕೇಳಿದಳು:

“ನೀಲಾ, ನಿಮ್ಮತ್ತಿ ಶಾಂತಿ ಇಷ್ಟ್ ವರ್ಷ ಹೊಲದದ್ದು ಈ ಡಬ್ಬಿ ಸಲುವಾಗೇನ?”

ಮುದುಕಿ ಎದ್ದು ಮನೆಗೆ ಹೋದಳು. ತಿರುಗಿ ಬಂದಾಗ ಅವಳ ಕಂಕುಳಲ್ಲಿ ಒಂದು ಕರೀ ಚಂದ್ರಕಾಳಿ ಸೀರೆ. ಅವಳ ಮದುವೆಗೆಂದು ಶಾಂತವ್ವ ಹೊಲಿದು ಕೊಟ್ಟದ್ದು. ಸೆರಗು ಬಿಡಿಸಿ ಹಾಸಿದಳು. ಅಲ್ಲಿ ಗೋಪುರವಿತ್ತು, ಪಲ್ಲಕ್ಕಿಯಿತ್ತು, ಸೊಂಡಿಲೆತ್ತಿದ ಆನೆಯಿತ್ತು.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಹಾಕುವುದು. ಹಾಕಿದ್ದನ್ನು ಎಳೆ ಎಣಿಸಿ ತಿರುಗಿ ಓದಲೂಬಹುದು. ನೀಲಕ್ಕ ಸೆರಗಿನ ಮೇಲೆ ಬೆರಳಿಟ್ಟಳು. ತುಟಿ ಅಲ್ಲಾಡತೊಡಗಿತು.

“ಅಜ್ಜಿ, ಇಲ್ಲೊಂದು ಎಳಿ ಹರದದ.”

“ಮದವಿ ದಿನಾ ನನ್ನ ಗಂಡ ಬಂಡಿಗಾಲಿಗೆ ಸಿಗಿಸಿದ್ದ. ಅದನ್ನೂ ಬರಕೊಳ್ಳಬ್ಯಾಡ ಮತ್ತ.”

ನೀಲಕ್ಕ ನಕ್ಕಳು. ದುಡ್ಡಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ದೂರು ಕೊಟ್ಟು ಬಂದರು. ಶ್ರೀಪಾದ ನನ್ನನ್ನು ಪೂರ್ತಿ ಅಳಿಸಿ ಮತ್ತೆ ಕೂಸು ಮಾಡಿದ. ಸುದ್ದಿ ಹರಡಿ ಗದಗ, ನವಲಗುಂದ, ನರಗುಂದದಿಂದ ಶಾಂತವ್ವ ಹೊಲಿದುಕೊಟ್ಟಿದ್ದ, ಟ್ರಂಕಿನ ತಳದ ಸೀರೆಗಳು ಬರತೊಡಗಿದವು. ಕರ್ಪೂರದ ವಾಸನೆ, ಹಳೇ ಅರಿಶಿನದ ಕಲೆ, ಜೊತೆಗೆ ಒಬ್ಬೊಬ್ಬರ ಮದುವೆಯ ಕಥೆ. ಒಬ್ಬಳು ಓದುವುದು, ಇನ್ನೊಬ್ಬಳು ಚೌಕ ತುಂಬುವುದು. ನನಗೆ ಗೊತ್ತೇ ಇರದಿದ್ದ ಶಾಂತವ್ವನ ಮಾದರಿಗಳೂ ಬಂದವು. ಗೆದ್ದಲು ತಿಂದ ಹಾಳೆಗಳಲ್ಲಿ ಅವು ಮೊದಲೇ ಹೋಗಿದ್ದವಂತೆ.

ಒಂದು ಮಾತ್ರ ಬರಲಿಲ್ಲ. ಗೂಡಿಗೆ ಮರಳುವ ಹಕ್ಕಿ. ಕಾಯಿಲೆ ಬಿದ್ದಾಗ ಶಾಂತವ್ವ ಹಾಳೆಯ ಮೇಲಷ್ಟೇ ಬರೆದದ್ದು. ಯಾರ ಸೀರೆಗೂ ಇಳಿದಿರಲಿಲ್ಲ. ನೀಲಕ್ಕ ಎಷ್ಟು ನೆನೆಸಿಕೊಂಡರೂ ಹಕ್ಕಿಯ ಕುತ್ತಿಗೆ ಸರಿಯಾಗಿ ಬಾರದು. ಕೊನೆಗೆ ತನಗೆ ಬಂದ ಹಾಗೆಯೇ ಬರೆದಳು. ಶಾಂತಿಯದಕ್ಕಿಂತ ಇದು ಸ್ವಲ್ಪ ಸೊಕ್ಕಿನದು ಎಂದಳು ಬಂಗಾರವ್ವ.

ಈಗ ನನಗೆ ವಯಸ್ಸಾಗಿದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ, ಇಂಟರ್ನೆಟ್ಟಿನ ಹಂಗಿಲ್ಲದೆ ಕೂತಿದ್ದೇನೆ. ಹೊರಗಿಂದ ಬಂದದ್ದು ಮೊದಲು ಹೊಸ ಕಂಪ್ಯೂಟರಿನಲ್ಲಿ ಪರೀಕ್ಷೆಯಾಗುತ್ತದೆ. ಮಾದರಿ ತಂದವರನ್ನು ಅನುಮಾನಿಸಿದಂತಾಗದೇ ಎಂದು ಯಾರೋ ಕೇಳಿದ್ದಕ್ಕೆ ನೀಲಕ್ಕ, “ಒಳಗ ಕರಿಯೂದು ಬಿಟ್ಟಿಲ್ಲವ್ವಾ. ಮೊದಲ ಕಾಲು ತೊಳ್ಕೊಳ್ಳಾಕ ನೀರು ಕೊಡ್ತೀನಿ, ಅಷ್ಟ” ಎಂದಳು.

ನಕಲು ಈಗ ಕಪಾಟಿನಲ್ಲಿದೆ. ಅದಕ್ಕಿಂತ ನನಗೆ ನೆಮ್ಮದಿ ಕೊಡುವ ನೇಮ ಇನ್ನೊಂದು: ನನ್ನೊಳಗೆ ಬಂದ ಪ್ರತಿಯೊಂದು ಮಾದರಿಯೂ ಯಾವುದಾದರೂ ಸೀರೆಗೆ ಇಳಿಯಲೇಬೇಕು. ಕೆಲವು ತಿಂಗಳ ಹಿಂದೆ ಮದುವಣಗಿತ್ತಿಯೊಬ್ಬಳು ನನ್ನ ಪರದೆಯ ಮೇಲಿನ ಮಾದರಿಗಳನ್ನೆಲ್ಲ ನೋಡಿ, ಆ ಸೊಕ್ಕಿನ ಹಕ್ಕಿಯ ಮೇಲೆ ಬೆರಳಿಟ್ಟಳು. ಇಂದು ಅವಳು ಆ ಸೆರಗು ಹೊದ್ದು ಆಟೊ ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಆಟೊ ತಿರುವಿನಲ್ಲಿ ಮರೆಯಾಗುವವರೆಗೂ ಸೆರಗಿನ ತುದಿ ಹೊರಗೆ ಹಾರುತ್ತಿತ್ತು. ನಾನು ಇನ್ನು ಯಾವತ್ತು ನಿಂತುಹೋದರೂ ಚಿಂತೆಯಿಲ್ಲ.