ಹೊಂಗೆ ಹೂ ಬಿಡುವ ಮೊದಲು

ನಾನು ಒಂದು ಚೀಟಿಪೆಟ್ಟಿಗೆ. ಸಾಗುವಾನಿಯ ಮೈ, ಆರು ಖಾನೆ, ಹಿತ್ತಾಳೆಯ ಹಿಡಿಕೆಗಳು. ಧಾರವಾಡದ ಬಡಿಗೇರನೊಬ್ಬ ಹನ್ನೊಂದು ದಿನಗಳಲ್ಲಿ ನನ್ನನ್ನು ಮಾಡಿ ಮುಗಿಸಿದ.

ಮೊದಲು ನಾನು ಒಂದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿದ್ದೆ. ಒಣಗಿಸಿದ ಎಲೆಗಳ ವಿವರ ಬರೆದ ಚೀಟಿಗಳು ನನ್ನ ಹೊಟ್ಟೆಯಲ್ಲಿದ್ದವು. ನುಸಿಗುಳಿಗೆಯ ವಾಸನೆ ಈಗಲೂ ಹೋಗಿಲ್ಲ. ಭಯ ಕಲಿತದ್ದೂ ಅಲ್ಲಿಯೇ. ಪ್ರತಿ ಮಾರ್ಚ್ ಕೊನೆಯ ವಾರ ದಾಸ್ತಾನು ತಪಾಸಣೆ. ಬೇಡವಾದ ಸಾಮಾನಿಗೆ ಗುಮಾಸ್ತರು ಕೆಂಪು ದಾರ ಕಟ್ಟಿ ಹೋಗುತ್ತಿದ್ದರು. ಮರುದಿನ ಜವಾನರು ದಾರವಿದ್ದದ್ದನ್ನೆಲ್ಲ ಗುಜರಿ ಲಾರಿಗೆ ಹೊರುತ್ತಿದ್ದರು. ಒಮ್ಮೆ ಆ ದಾರ ನನ್ನ ಪಕ್ಕದ ಸೂಕ್ಷ್ಮದರ್ಶಕದ ಕತ್ತಿಗೆ ಬಿತ್ತು. ಅದರ ಮಸೂರದಲ್ಲಿ ಒಂದು ಗೀರೂ ಇರಲಿಲ್ಲ.

ಆಮೇಲೆ ಅದೇ ವಿಶ್ವವಿದ್ಯಾಲಯದ ಬಲ್ಗೇರಿಯನ್ ವಿಭಾಗಕ್ಕೆ ಬಂದೆ. ವಿಭಾಗವೆಂದರೆ ಒಂದೇ ಕೋಣೆ. ಕಿಟಕಿಯಾಚೆ ಒಂದು ಹೊಂಗೆ ಮರ. ಸೋಫಿಯಾದಿಂದ ಬಂದಿದ್ದ ಸ್ವೆತಾನಾ ಮೇಡಂ ವರ್ಷಕ್ಕೆ ನಾಲ್ಕೈದು ಜನರಿಗೆ ತಮ್ಮ ಭಾಷೆ, ತಮ್ಮ ಕವಿತೆ ಕಲಿಸುತ್ತಿದ್ದರು. ಉಳಿದ ಹೊತ್ತೆಲ್ಲ ನಿಘಂಟಿನ ಕೆಲಸ. ಒಂದು ಚೀಟಿಗೆ ಒಂದು ಬಲ್ಗೇರಿಯನ್ ಪದ, ಅದರ ಕನ್ನಡ ಅರ್ಥ, ಯಾವುದೋ ಕಥೆಯಿಂದ ಆಯ್ದ ಒಂದು ವಾಕ್ಯ. ಹದಿನಾಲ್ಕು ವರ್ಷಕ್ಕೆ ಆರು ಸಾವಿರದ ಮುನ್ನೂರು ಚೀಟಿಗಳಾದವು. ಬೇರೆ ಪ್ರತಿ ಇರಲಿಲ್ಲ.

ಅವಧಿ ಮುಗಿದು ಅವರು ಊರಿಗೆ ಹೊರಟ ದಿನ ಮಾರ್ಚ್ ಒಂದು. ಕೆಲಸ ಮುಂದುವರಿಸಬೇಕಿದ್ದ ಶಿಷ್ಯೆ ನೀಲಗಂಗಾಳ ಎದುರು, ನನ್ನ ಮೇಲಿನ ಹಿಡಿಕೆಗೆ ಕೆಂಪು-ಬಿಳಿ ಎಳೆ ಹೊಸೆದ ನೂಲು ಕಟ್ಟಿದರು.

"ನಮ್ಮ ಕಡೆ ಇವತ್ತ ಇದನ್ನ ಕಟ್ತಾರ, ಆರೋಗ್ಯಕ್ಕ." ಧಾರವಾಡದ ಮಾತು ಅವರಿಗೆ ಅಷ್ಟು ಒಗ್ಗಿತ್ತು. "ಆ ಹೊಂಗಿ ಹೂ ಬಿಟ್ಟ ದಿನ ಬಿಚ್ಚಿ ಅದರ ಟೊಂಗಿಗೆ ಕಟ್ಟು. ಅದಕ್ಕೂ ಮೊದಲ ಬಿಚ್ಚಬಾರದು."

"ಪೆಟ್ಟಿಗಿಗೆ ಎಂಥಾ ಆರೋಗ್ಯರೀ ಮೇಡಂ?"

"ನನಗಿಂತ ಅದಕ್ಕ ಜಾಸ್ತಿ ಬೇಕವ್ವಾ ನೀಲಾ."

ಕೂಗಲು ನನಗೆ ಬಾಯಿಲ್ಲ. ಕೆಂಪು ಕಂಡ ಮೇಲೆ ಬಿಳಿ ಎಳೆಯನ್ನು ಯಾರು ಗಮನಿಸುತ್ತಾರೆ? ದಿನವೂ ಹೊಂಗೆಯನ್ನೇ ನೋಡಿದೆ. ಹದಿನೆಂಟಕ್ಕೆ ಎಲೆಯೆಲ್ಲ ಉದುರಿತು. ಇಪ್ಪತ್ತೈದಕ್ಕೆ ಚಿಗುರು. ಮೊಗ್ಗಿಲ್ಲ.

ಇಪ್ಪತ್ತೇಳಕ್ಕೆ, ನೀಲಗಂಗಾ ಪಾಠಕ್ಕೆ ಹೋಗಿದ್ದಾಗ, ಜವಾನ ಫಕ್ಕೀರಪ್ಪ ಬಂದ. ದಾರ ನೋಡಿದ, ಹೊತ್ತ. ಅಂಗಳದಲ್ಲಿ ರದ್ದಿಯವನು ನನ್ನ ಮೇಲಿನ ಖಾನೆಯನ್ನು ಗೋಣಿಚೀಲಕ್ಕೆ ಸುರಿದ. ಆ ಚೀಲವನ್ನು ಹೇರಿಕೊಂಡು, ತುಂಬಿದ್ದ ಮೊದಲ ಲಾರಿ ಹೊರಟೇಹೋಯಿತು. ಎರಡನೆಯ ಖಾನೆಗೆ ಅವನು ಕೈಹಾಕಿದಾಗ ನೀಲಗಂಗಾ ಏದುಸಿರು ಬಿಡುತ್ತ ಓಡಿಬಂದಳು.

"ಫಕ್ಕೀರಪ್ಪಣ್ಣಾ, ಇದನ್ಯಾಕ ತಂದ್ರಿ?"

"ಕೆಂಪು ದಾರ ಐತಲ್ಲರೀ ಅಕ್ಕಾರ! ನೀವ ಕಟ್ಟಿ, ನನ್ನ ಬೈತೀರಿ?"

ಅವಳು ಖಾಲಿ ಖಾನೆಯೊಳಗೆ ಕೈಯಾಡಿಸಿದಳು. ಮೂಲೆಯಲ್ಲಿ ಒಂದೇ ಒಂದು ಚೀಟಿ ಸಿಕ್ಕಿಕೊಂಡಿತ್ತು.

ಹೋದ ಸಾವಿರಕ್ಕೂ ಹೆಚ್ಚು ಚೀಟಿಗಳನ್ನು ಅವಳು, ಸೋಫಿಯಾಕ್ಕೆ ಫೋನು ಮಾಡಿ ಕೇಳುತ್ತ ಕೇಳುತ್ತ, ಮೂರು ವರ್ಷ ಕೂತು ಮತ್ತೆ ಬರೆದಳು. ಈಗ ಎಲ್ಲವೂ ಕಂಪ್ಯೂಟರಿನಲ್ಲಿವೆ. ಅದು ಒಳ್ಳೆಯದೇ. ಆದರೆ ಇನ್ನೊಮ್ಮೆ ನನ್ನನ್ನು ಹೊತ್ತೊಯ್ದರೆ ಯಾರೂ ಓಡಿಬರಬೇಕಾಗಿಲ್ಲ.

ನಾನು ಮುದಿಯಾಗಿದ್ದೇನೆ. ಹಿಂದಿನ ಎಡಗಾಲನ್ನು ಗೆದ್ದಲು ತಿಂದಿದೆ. ಪ್ರತಿ ವರ್ಷ ಸೋಫಿಯಾದಿಂದ ಅಂಚೆಯಲ್ಲಿ ಬರುವ ನೂಲನ್ನು ನೀಲಗಂಗಾ ಹೊರಗೆ ಕಾಣದಂತೆ ಖಾನೆಯೊಳಗಿನ ಮೊಳೆಗೆ ಕಟ್ಟುತ್ತಾಳೆ. ಫಕ್ಕೀರಪ್ಪ ನಿವೃತ್ತನಾದ. ಹೊಸ ಜವಾನ ಖಾನೆಗಳನ್ನೆಲ್ಲ ಎಳೆದು ನೋಡುವವನಂತೆ. ನನ್ನ ಆರೋಗ್ಯಕ್ಕೆಂದು ಒಂದು ಜೀವ ಅಷ್ಟು ದೂರದಿಂದ ಕಳಿಸುವ ನೂಲಿಗೆ ಹೆದರಬಾರದು, ಗೊತ್ತು.

ಇವತ್ತು ಮಾರ್ಚ್ ಇಪ್ಪತ್ತಾರು. ಹೊಂಗೆಯಲ್ಲಿ ಇನ್ನೂ ಮೊಗ್ಗಿಲ್ಲ.